ಇಪ್ಪತ್ತನೆಯ ಪಾಸ್‌ವರ್ಡ್

ನನ್ನ ಹತ್ತೊಂಬತ್ತು ಪಾಸ್‌ವರ್ಡುಗಳು ನನ್ನ ನಾದಿನಿ ಅಂಬುಜಳ ತಲೆಯಲ್ಲಿವೆ. ಇಪ್ಪತ್ತನೆಯದು ಒಂದಿದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಹೊಸ ಕಂಪ್ಯೂಟರ್ ತರಿಸದೆ ಇದ್ದಿದ್ದರೆ ಹಾಗೇ ಮರೆತುಕೊಂಡು ಆಯುಷ್ಯ ಮುಗಿಸುತ್ತಿದ್ದೆನೋ ಏನೋ. ತರಿಸಿದ ತಪ್ಪಿಗೆ, ಹನ್ನೊಂದು ವರ್ಷದಿಂದ ಯಾರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆನೋ ಅವಳ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು.

ನಮ್ಮೂರಿಗೆ ಹೊಸದಾಗಿ ಬಂದವರಿಗೆ ನಮ್ಮ ಪಾಡು ನಗು ತರಿಸುತ್ತದೆ. ಇಲ್ಲಿ ಯಾರಿಗೂ ಅವರವರ ಪಾಸ್‌ವರ್ಡ್ ಅವರವರಿಗೆ ನೆನಪಿರುವುದಿಲ್ಲ. ಇಟ್ಟ ಗಳಿಗೆಯಲ್ಲೇ ಹೋಗಿಬಿಡುತ್ತದೆ. ಬರೆದಿಟ್ಟುಕೊಳ್ಳಬಾರದೇ ಎಂದು ಬುದ್ಧಿವಂತರು ಕೇಳುತ್ತಾರೆ. ಬರೆದಿಟ್ಟರೆ ಬರೆದವರ ಕಣ್ಣಿಗೆ ಮಾತ್ರ ಅದು ಇರುವೆ ಹರಿದ ಹಾಗೆ ಕಾಣುತ್ತದೆ, ಪಕ್ಕದವರು ಸರಾಗವಾಗಿ ಓದುತ್ತಾರೆ! ಅದಕ್ಕೇ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಬ್ಬರು ‘ಕಿವಿ’ ಇರುತ್ತಾರೆ. ಪಾಸ್‌ವರ್ಡ್ ಇಡುವ ಮೊದಲು ಅದನ್ನು ಅವರ ಕಿವಿಯಲ್ಲಿ ಹೇಳಬೇಕು. ಬೇರೆಯವರದು ಯಾರಿಗೂ ಮರೆಯುವುದಿಲ್ಲ. ಬೇಕಾದಾಗ ಅವರನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಒಂದೊಂದೇ ಅಕ್ಷರ ಹೇಳಿದ ಹಾಗೆ ನಾವು ಒಂದೊಂದೇ ಅಕ್ಷರ ಒತ್ತಬೇಕು. ಎರಡನೆಯದನ್ನು ಒತ್ತುವಾಗ ಮೊದಲನೆಯದು ಏನಿತ್ತೆಂದು ಕೇಳಿದರೆ ದೇವರಾಣೆಗೂ ಗೊತ್ತಿರುವುದಿಲ್ಲ.

ಇದಕ್ಕೆ ತಕ್ಕ ಹಾಗೆ ಊರು ತನ್ನ ರೀತಿ ರಿವಾಜು ಮಾಡಿಕೊಂಡಿದೆ. ಕಿವಿಯ ಮನೆಗೆ ಬರಿಗೈಲಿ ಹೋಗಬಾರದು, ಒಂದು ಪೊಟ್ಟಣ ಹುರಿಗಡಲೆ ಒಯ್ಯಬೇಕು. ಕಿವಿಯಾದವರು ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಹೆಣ್ಣು ನೋಡಲು ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ, ‘ಹುಡುಗನ ಕಿವಿ ಯಾರು?’ ಅವರಮ್ಮ ಎಂದು ಗೊತ್ತಾದರೆ ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇನ್ನೊಂದು ತಮಾಷೆ ಎಂದರೆ, ಪಾಸ್‌ವರ್ಡನ್ನು ಬದಲಾಯಿಸಿದ ಕೂಡಲೇ ಹಳೆಯದು ತಟ್ಟನೆ ನೆನಪಾಗುತ್ತದೆ. ನನ್ನ ಬ್ಯಾಂಕಿನದು ಒಂದು ಕಾಲದಲ್ಲಿ ‘ಮಸಾಲೆವಡೆಎಂಟು’ ಎಂದಿತ್ತು. ಆ ದಿನ ನನಗೆ ಅದೆಷ್ಟು ಹಸಿವಾಗಿತ್ತೋ! ಹೀಗಾಗಿ ನಮ್ಮೂರಿನವರಿಗೆ ತಮ್ಮ ಬಗ್ಗೆ ತಮಗೇ ಯಾವಾಗಲೂ ಒಂದು ಕುತೂಹಲ. ಆಗ ನಾನು ಏನು ಇಟ್ಟಿದ್ದೆ, ಏನು ಯೋಚಿಸುತ್ತಿದ್ದೆ ಎಂದು ತಲೆ ಕೆರೆದುಕೊಳ್ಳುತ್ತಲೇ ಇರುತ್ತೇವೆ.

ನನ್ನ ಹೆಸರು ಬನಶಂಕರಿ. ಸೀರೆಯ ಅಂಚಿಗೆ ನಕ್ಷೆ ಬರೆಯುವುದು ನನ್ನ ಕಸುಬು. ಹೂವು, ಬಳ್ಳಿ, ಹಂಸ, ಗೋಪುರ, ಯಾವುದೇ ಆದರೂ ಮೊದಲು ಚೌಕುಳಿ ಹಾಳೆಯ ಮೇಲೆ ಒಂದೊಂದು ಎಳೆಗೆ ಒಂದೊಂದು ಮನೆ ತುಂಬಿ, ಆಮೇಲೆ ಕಂಪ್ಯೂಟರಿಗೆ ಏರಿಸುತ್ತೇನೆ. ಅಲ್ಲಿಂದ ಅದು ನೇಕಾರರ ಮಗ್ಗಕ್ಕೆ ಹೋಗುತ್ತದೆ. ಒಟ್ಟು ನಾನೂರ ಹನ್ನೆರಡು ನಕ್ಷೆಗಳು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಕಂಪ್ಯೂಟರ್ ಅಷ್ಟನ್ನೂ ತಾನಾಗಿ ಊರ ಉಗ್ರಾಣಕ್ಕೆ ನಕಲು ಕಳಿಸುತ್ತಿತ್ತು. ಉಗ್ರಾಣವೆಂದರೆ ಹಿಂದೆ ರಾಗಿ ತುಂಬುತ್ತಿದ್ದ ಕಲ್ಲಿನ ಕಟ್ಟಡ. ಈಗ ಅಲ್ಲಿ ಊರಿನವರ ಬ್ಯಾಕಪ್ಪುಗಳು ಇರುತ್ತವೆ. ನಕಲು ಹೋದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಹಸಿರು ಗುರುತು ಮೂಡುತ್ತಿತ್ತು. ಅದನ್ನು ನೋಡಿ ನಾನು ಅಂಗಡಿಯ ಬಾಗಿಲು ಹಾಕುತ್ತಿದ್ದೆ.

ಕಂಪ್ಯೂಟರಿಗೆ ವಯಸ್ಸಾಯಿತು. ಒಂದು ನಕ್ಷೆ ತೆರೆಯುವಷ್ಟರಲ್ಲಿ ನಾನು ಅನ್ನಕ್ಕಿಟ್ಟು ಬರಬಹುದಿತ್ತು. ಕಂಪ್ಯೂಟರ್ ರಿಪೇರಿಯ ಜಿನದತ್ತ ಮಂಗಳವಾರ ಹೊಸದನ್ನು ತಂದು ಕೂರಿಸಿದ. ಹಳೆಯದರ ವೈರು ಬಿಚ್ಚುತ್ತಾ, "ಅಕ್ಕಾ, ಇದರಲ್ಲಿರೋದೆಲ್ಲ ಉಗ್ರಾಣದಲ್ಲಿದೆ ತಾನೇ? ಅಳಿಸಿಬಿಡ್ಲಾ?" ಎಂದ.

"ನಿನ್ನೆ ಸಂಜೆಯದೂ ಇದೆ. ಅಳಿಸು."

"ಅದರ ಪಾಸ್‌ವರ್ಡ್ ನಿಮ್ಮ ಕಿವಿ ಹತ್ರ ಇದೆ ತಾನೇ?"

"ಇಲ್ದೆ ಎಲ್ಲಿಗೆ ಹೋಗುತ್ತಪ್ಪ!" ಎಂದೆ ನಾನು, ಮಹಾ ತಿಳಿದವಳ ಹಾಗೆ. ಅವನು ಅಳಿಸಿದ.

ಹೊಸ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆರೆದಾಗ ಅದು ಪಾಸ್‌ವರ್ಡ್ ಕೇಳಿತು. ನಾನು ಅಂಬುಜಳಿಗೆ ಫೋನ್ ಮಾಡಿದೆ. ಅವಳು ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತಲೇ ಬಂದಳು. ಅವಳು ಹೇಳಿದಂತೆ ಒತ್ತಿದೆ. ತಪ್ಪು ಎಂದಿತು. ಇನ್ನೊಂದು ಹೇಳಿದಳು. ಅದೂ ತಪ್ಪು. ಹತ್ತೊಂಬತ್ತೂ ಮುಗಿದವು. ಅಂಬುಜ ಸೆರಗಿನಿಂದ ಕತ್ತು ಒರೆಸಿಕೊಂಡು, "ಅತ್ತಿಗೆ, ಬೈಬೇಡಿ. ಇದು ನನ್ನ ಕಾಲದ್ದಲ್ಲ ಅನ್ಸುತ್ತೆ," ಎಂದಳು.

"ನಿನ್ನ ಕಾಲದ್ದಲ್ಲ ಅಂದ್ರೆ?"

"ಅಂದ್ರೆ, ಅವಳ ಕಾಲದ್ದು."

ಜಿನದತ್ತ ಪಾಪ, ಸಮಾಧಾನ ಮಾಡುವ ಹಾಗೆ ವಿವರಿಸತೊಡಗಿದ. ಹಳೆಯ ಕಂಪ್ಯೂಟರ್ ಆ ಪಾಸ್‌ವರ್ಡನ್ನು ತನ್ನೊಳಗೇ ಜೋಪಾನ ಮಾಡಿಕೊಂಡಿತ್ತು, ದಿನಾ ಸಂಜೆ ಉಗ್ರಾಣಕ್ಕೆ ತಾನೇ ಹೇಳಿಕೊಳ್ಳುತ್ತಿತ್ತು. ಅದಕ್ಕೇ ಇಷ್ಟು ವರ್ಷ ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ. ಆ ಗಂಟನ್ನು ಅದು ಬೇರೆ ಕಂಪ್ಯೂಟರಿಗೆ ಬಿಟ್ಟುಕೊಡುವುದೂ ಇಲ್ಲ, ಈಗಂತೂ ಅಳಿಸಿಯೇ ಆಗಿದೆ. ಬೇರೆ ದಾರಿ ಇಲ್ಲವೇ ಎಂದೆ. ಉಗ್ರಾಣದವರ ಹತ್ತಿರವೂ ಪಾಸ್‌ವರ್ಡ್ ಇರುವುದಿಲ್ಲ, ಹೇಳಿದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದ. ಬರುವ ಸೋಮವಾರ ನೇಕಾರರ ಸಂಘದ ನಲವತ್ತು ಮಗ್ಗಗಳಿಗೆ ಹೊಸ ಅಂಚು ಏರಬೇಕಿತ್ತು. ಅದೂ ಆ ಉಗ್ರಾಣದೊಳಗೇ ಇತ್ತು. ಅದು ಹಾಗಿರಲಿ, ನನ್ನ ಹದಿನೈದು ವರ್ಷದ ಕೈಕೆಲಸವೇ ಅಲ್ಲಿತ್ತು. ಬಾಗಿಲು ತೆರೆಯದಿದ್ದರೆ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದನೆಯ ನಕ್ಷೆಯಿಂದ ಶುರು ಮಾಡಬೇಕಿತ್ತು.

ಅವಳೆಂದರೆ ದಾಕ್ಷಾಯಿಣಿ. ಈ ಅಂಗಡಿಯನ್ನು ನಾವಿಬ್ಬರೂ ಕೂಡಿ ಶುರು ಮಾಡಿದ್ದು. ನನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು, ಎಳೆ ಎಣಿಸುವುದರಲ್ಲಿ ಎತ್ತಿದ ಕೈ. ಅವಳ ಬೆರಳಿನಲ್ಲಿ ಬಳ್ಳಿ ತಾನಾಗಿ ಬಳುಕುತ್ತಿತ್ತು. ಅವಳಿಗೆ ನಾನು ಕಿವಿ, ನನಗೆ ಅವಳು ಕಿವಿ. ಎದುರು ಬದುರು ಕೂತಿರುತ್ತಿದ್ದುದರಿಂದ ಹುರಿಗಡಲೆಯ ಡಬ್ಬಿ ನಮ್ಮಿಬ್ಬರ ಮಧ್ಯೆಯೇ ಇರುತ್ತಿತ್ತು. ಆಮೇಲೆ ಒಂದು ದಿನ ನಮ್ಮ ಹಂಸದ ಅಂಚು ಬೇರೆ ಊರಿನ ಮಗ್ಗದ ಸೀರೆಯಲ್ಲಿ ಕಾಣಿಸಿಕೊಂಡಿತು. ಒಂದೆಳೆಯೂ ಆಚೀಚೆ ಇಲ್ಲ. ನಮ್ಮಿಬ್ಬರನ್ನು ಬಿಟ್ಟು ಆ ನಕ್ಷೆಯ ಮೂಲ ಇನ್ಯಾರ ಬಳಿಯೂ ಇರಲಿಲ್ಲ. ನಾನು ಕೊಟ್ಟಿಲ್ಲ ಎಂದ ಮೇಲೆ ಇನ್ಯಾರು ಕೊಟ್ಟಿರಬೇಕು? ನನ್ನ ಕೋಪ ಊರಿಗೆಲ್ಲ ಗೊತ್ತು. ಅಂಗಡಿಯ ತುಂಬ ನೇಕಾರರು ಕೂತಿದ್ದಾಗಲೇ ಅವಳನ್ನು ಕಳ್ಳಿ ಎಂದೆ. ದಾಕ್ಷಿ ಒಂದೇ ಒಂದು ಮಾತಾಡಲಿಲ್ಲ. ಕೈಯಲ್ಲಿದ್ದ ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಆ ದಿನವೇ ಅಂಬುಜಳನ್ನು ಕೂರಿಸಿಕೊಂಡು ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದೆ. ಬ್ಯಾಂಕು, ಫೋನು, ಮೇಲ್, ಕರೆಂಟ್ ಬಿಲ್ಲು, ಒಂದನ್ನೂ ಬಿಡಲಿಲ್ಲ ಎಂದುಕೊಂಡಿದ್ದೆ. ಕೇಳಿದ್ದನ್ನೆಲ್ಲ ಬದಲಾಯಿಸಿದೆ. ಬ್ಯಾಕಪ್ ಮಾತ್ರ ಕೇಳಿರಲೇ ಇಲ್ಲವಲ್ಲ! ಎರಡು ವರ್ಷದ ಮೇಲೆ ಸಂಘದ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಸೀರೆಯ ಎಳೆ ಎಣಿಸಿ ಯಾರ ಅಂಚನ್ನು ಬೇಕಾದರೂ ಇಳಿಸಬಹುದು ಎಂದು ನನ್ನೆದುರೇ ಮಾಡಿ ತೋರಿಸಿದರು. ಹಾಗಾದರೆ ದಾಕ್ಷಿ ಕೊಟ್ಟಿರಲಿಕ್ಕಿಲ್ಲ ಎಂದು ಆಗ ಹೊಳೆಯಿತು. ಹೋಗಿ ಮಾತಾಡಿಸಬಹುದಿತ್ತು. ಹೋಗಲಿಲ್ಲ. ಇವತ್ತು ನಾಳೆ ಎಂದುಕೊಂಡು ಒಂಬತ್ತು ವರ್ಷ ಕಳೆದೆ.

ಬುಧವಾರ ಬೆಳಿಗ್ಗೆ ಒಂದು ಪೊಟ್ಟಣ ಹುರಿಗಡಲೆ ಕಟ್ಟಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಎರಡು ಯೋಚನೆ. ಅವಳು ಏನೆನ್ನುತ್ತಾಳೋ ಎಂಬುದೊಂದು. ಇನ್ನೊಂದು, ಹೇಳಿದರೆ ನೀವು ನಗುತ್ತೀರಿ, ಆಗ ನಾನು ಏನು ಪಾಸ್‌ವರ್ಡ್ ಇಟ್ಟಿದ್ದೆ ಎಂಬುದು. ಈಗ ಅಳಿಸಿದೆನಲ್ಲ, ಆ ಮೊದಲ ಕಂಪ್ಯೂಟರ್ ತಂದ ದಿನ ಇಟ್ಟಿದ್ದು ಅದು. ಆ ದಿನ ಇಬ್ಬರೂ ಹೊಸ ಸೀರೆ ಉಟ್ಟು ಕೀಲಿಗಳಿಗೆ ಕುಂಕುಮ ಹಚ್ಚಿ, ಆಮೇಲೆ ಅದು ಒಳಗೆ ಇಳಿದೀತೆಂದು ಹೆದರಿ ಒರೆಸಿದ್ದೆವು. ಇಷ್ಟೆಲ್ಲ ನೆನಪಿದೆ. ದಾಕ್ಷಿಯ ಕಿವಿಯ ಹತ್ತಿರ ಬಗ್ಗಿದ್ದೂ, ಕೇಳಿ ಅವಳು ಸುಮ್ಮನೆ ನನ್ನನ್ನೇ ನೋಡಿದ್ದೂ ನೆನಪಿದೆ. ಹೇಳಿದ್ದೇನು ಎನ್ನುವುದು ಮಾತ್ರ ಇಲ್ಲ.

ಅವಳದು ಈಗ ಬೋರ್ಡ್ ಬರೆಯುವ ಅಂಗಡಿ. ಮೂಲೆಯಲ್ಲಿ ಸ್ಟಿಕ್ಕರ್ ಕತ್ತರಿಸಲು ಒಂದು ಕಂಪ್ಯೂಟರ್ ಇತ್ತು. ನಾನು ಮೆಟ್ಟಿಲು ಹತ್ತಿದಾಗ ಅವಳು ನೆಲದ ಮೇಲೆ ಕೂತು ಯಾವುದೋ ಬೇಕರಿಯ ಬೋರ್ಡಿಗೆ ಸುತ್ತಲೂ ಬಳ್ಳಿ ಬರೆಯುತ್ತಿದ್ದಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನಮ್ಮ ಎಪ್ಪತ್ತೊಂದನೆಯ ನಕ್ಷೆ, ಅವಳೇ ಬರೆದದ್ದು. ಆದರೆ ಹೂವಿಗೆ ಆರು ಎಸಳಿರಬೇಕಿತ್ತು, ಇವಳು ಐದು ಬರೆದಿದ್ದಳು. ನೆನಪಿನಿಂದ ಬರೆಯುತ್ತಿದ್ದಾಳೆ, ಮರೆತಿದ್ದಾಳೆ ಎಂದುಕೊಂಡೆ.

"ಏನು ಬೇಕಿತ್ತು? ಬೋರ್ಡ್ ಬರೆಸ್ಬೇಕಾ?" ಎಂದಳು, ಬ್ರಷ್ಷಿನಿಂದ ಕಣ್ಣು ತೆಗೆಯದೆ.

ನಾನು ಪೊಟ್ಟಣವನ್ನು ಅವಳ ಮುಂದಿಟ್ಟೆ. ಅದನ್ನು ನೋಡಿ ಅವಳ ಕೈ ನಿಂತಿತು. ನಮ್ಮೂರಿನಲ್ಲಿ ಆ ಪೊಟ್ಟಣಕ್ಕೆ ಬೇರೆ ಅರ್ಥವೇ ಇಲ್ಲವಲ್ಲ.

"ಬ್ಯಾಕಪ್ಪಿಂದು," ಎಂದೆ. "ನಿನ್ ಹತ್ರಾನೇ ಉಳ್ಕೊಂಡಿದೆ ಅನ್ಸುತ್ತೆ."

"ಉಳ್ಕೊಂಡಿದೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನನ್ನ ತಲೇಲೇ ಅಲ್ವಾ ಇರೋದು. ಎಲ್ಲಾ ಬದಲಾಯಿಸ್ಕೊಂಡ್ರಿ ಅಂತ ಊರವರು ಹೇಳಿದ್ರು. ಇದಕ್ಕೂ ಬಂದಾರು ಅಂತ ಒಂದ್ ತಿಂಗಳು ಕಾದೆ. ಬರ್ಲಿಲ್ಲ."

ಅವಳ ಬಹುವಚನ ನನಗೆ ಚುಚ್ಚಿತು. "ಅಂಗಡಿಗೆ ಬರ್ಬೇಕಾಗುತ್ತೆ," ಎಂದೆ. ಅವಳು ಮತ್ತೆ ಬ್ರಷ್ಷು ಅದ್ದಿ ಬಳ್ಳಿಗೆ ಇನ್ನೊಂದು ಎಲೆ ಬರೆದಳು. ಬರುವುದಿಲ್ಲ ಎಂದೇ ಅಂದುಕೊಂಡೆ. ಬರದಿದ್ದರೆ ನಾನು ಒತ್ತಾಯ ಮಾಡುವ ಹಾಗೂ ಇರಲಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ? ಕಡೆಗೆ ಅವಳು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು, ಕೈ ಒರೆಸಿಕೊಂಡು ಎದ್ದಳು. "ಕೇಳಿದ್ಮೇಲೆ ಇಲ್ಲ ಅನ್ನೋ ಹಾಗಿಲ್ವಲ್ಲ. ನಡೀರಿ," ಎಂದಳು.

ಜೊತೆಯಲ್ಲಿ ಹೋಗುತ್ತಿದ್ದ ನಮ್ಮನ್ನು ನೋಡಿ ಹಾಲಿನ ಡೈರಿಯ ಮುಂದೆ ಸಾಲು ನಿಂತವರು ಸಾಲು ಮರೆತು ತಿರುಗಿದರು. ಅಂಗಡಿಯ ಬಾಗಿಲಿನಲ್ಲಿ ದಾಕ್ಷಿ ಒಂದು ಗಳಿಗೆ ನಿಂತಳು. ಒಳಗಿದ್ದ ಅಂಬುಜ ಮತ್ತು ಜಿನದತ್ತ ಪದ್ಧತಿಯಂತೆ ಎದ್ದು ಜಗಲಿಗೆ ಹೋದರು. ಅಂಬುಜ ಹೋಗುವಾಗ, "ಚೆನ್ನಾಗಿದೀರಾ ದಾಕ್ಷಕ್ಕ?" ಎಂದು ಅವಳ ಕೈ ಮುಟ್ಟಿ ಹೋದಳು. ನನಗೆ ಆಗದೇ ಇದ್ದದ್ದು ಅವಳಿಗೆ ಎಷ್ಟು ಸಲೀಸಾಗಿ ಆಯಿತು ನೋಡಿ.

ನಾನು ಕೀಲಿಗಳ ಮೇಲೆ ಬೆರಳಿಟ್ಟು ಕೂತೆ. ಅವಳು ನನ್ನ ಬಲಗಿವಿಯ ಹತ್ತಿರ ಬಗ್ಗಿ ಒಂದೊಂದೇ ಅಕ್ಷರ ಹೇಳಿದಳು. ಒತ್ತುತ್ತಾ ಹೋದೆ. ಹಿಡಿದಿಟ್ಟುಕೊಳ್ಳಬೇಕೆಂದು ಹಲ್ಲು ಕಚ್ಚಿದರೂ ಒಂದೂ ನಿಲ್ಲಲಿಲ್ಲ, ಕೈಯಲ್ಲಿ ನೀರು ಹಿಡಿದ ಹಾಗೆ. ಮಧ್ಯದಲ್ಲಿ ಒಂದು ಕಡೆ ಅವಳ ದನಿ ನಡುಗಿತು. ಯಾಕೆ ನಡುಗಿತು ಎಂದು ಯೋಚಿಸುವಷ್ಟರಲ್ಲಿ ಮುಂದಿನ ಅಕ್ಷರ ಬಂತು. ಕೊನೆಯದನ್ನು ಒತ್ತಿದೆ.

ಉಗ್ರಾಣ ತೆರೆಯಿತು. ನಾನೂರ ಹನ್ನೆರಡೂ ಸಾಲಾಗಿ ಬಂದು ನಿಂತವು. ಅಯ್ಯೋ ನನ್ನಪ್ಪಾ ಎಂದು ಕುರ್ಚಿಗೆ ಒರಗಿಬಿಟ್ಟೆ. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲೂ ಇಲ್ಲ. ಜಿನದತ್ತನನ್ನು ಕೂಗಿ ಕರೆದೆ. ಅವನು ಬಂದು ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ಇಳಿಸಲು ಹಚ್ಚಿ, ಇನ್ನೊಂದು ಪಟ್ಟಿ ತೆರೆದ. ಯಾವ ದಿನ, ಯಾವ ಕಂಪ್ಯೂಟರಿನಿಂದ ಈ ಬಾಗಿಲು ತೆರೆದಿದೆ ಎನ್ನುವುದರ ಪಟ್ಟಿ ಅದು. ಇವತ್ತಿನದೊಂದು ಬಿಟ್ಟರೆ ಮೇಲಿಂದ ಕೆಳಗೆ ಒಂದೇ ಹೆಸರು, ನನ್ನ ಹಳೆಯ ಕಂಪ್ಯೂಟರಿನದು.

"ಪರವಾಗಿಲ್ಲ ಅಕ್ಕಾ, ಚೆನ್ನಾಗಿ ಜೋಪಾನ ಮಾಡಿದೀರಿ," ಎಂದ ಅವನು. "ಪಾಸ್‌ವರ್ಡ್ ಒಂದು ಗೊತ್ತಿದ್ರೆ ಊರಿನ ಯಾವ ಕಂಪ್ಯೂಟರಿಂದ ಬೇಕಾದ್ರೂ ಇದನ್ನ ತೆಗೀಬಹುದು. ಎಲ್ಲಾ ಇಳಿಸ್ಕೊಂಡು ಹೋಗ್ಬಹುದು. ಇಷ್ಟು ವರ್ಷ ಒಬ್ಬರೂ ತೆಗೆದಿಲ್ಲ ನೋಡಿ."

ಅವನಿಗೇನು ಗೊತ್ತು! ತನ್ನ ಸಾಮಾನು ಎತ್ತಿಕೊಂಡು ಮತ್ತೆ ಜಗಲಿಗೆ ಹೋದ. ನಾನು ಪಟ್ಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದೆ. ಊರವರೆದುರು ನಾನು ಕಳ್ಳಿ ಎಂದವಳ ತಲೆಯಲ್ಲಿ ನನ್ನ ಉಗ್ರಾಣದ ಕೀಲಿ ಹನ್ನೊಂದು ವರ್ಷ ಇತ್ತು. ಅವಳ ಅಂಗಡಿಯಲ್ಲಿ ಕಂಪ್ಯೂಟರೂ ಇತ್ತು. ಒಳಗಿದ್ದ ನಾನೂರ ಹನ್ನೆರಡರಲ್ಲಿ ಇನ್ನೂರಕ್ಕೂ ಹೆಚ್ಚು ಅವಳ ಬೆರಳಿಂದಲೇ ಬಂದವು. ತನ್ನದೇ ಹೂವಿನ ಎಸಳೆಷ್ಟು ಎಂದು ನೋಡುವುದಕ್ಕೂ ಅವಳು ಆ ಬಾಗಿಲು ತೆರೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬದಲಾಯಿಸ್ಕೊಂಡು ಬಿಡಿ," ಎಂದಳು ದಾಕ್ಷಿ ಎದ್ದು ನಿಂತು. "ಅಂಬುಜನ ಕರೀರಿ. ನಾನು ಹೊರಡ್ತೀನಿ, ಬೇಕರಿಯವರು ಬರ್ತಾರೆ."

"ಕೂತ್ಕೋ."

"ಯಾಕೆ?"

ನಾನು ಅವಳ ಕೈ ಹಿಡಿದು ಕೂರಿಸಿ, ಅವಳ ಕಿವಿಯ ಹತ್ತಿರ ಬಗ್ಗಿ ಹೊಸ ಪಾಸ್‌ವರ್ಡ್ ಹೇಳಿದೆ. ಅವಳು ಕೊಸರಿಕೊಂಡಳು. "ನನಗ್ಯಾಕೆ? ನನಗ್ಯಾಕೆ ಹೇಳ್ತೀರಿ?" ಎಂದಳು. ಅಷ್ಟರಲ್ಲಿ ಹೇಳಿ ಆಗಿತ್ತು. ತಿರುಗಿ ಅದನ್ನು ಒತ್ತಿದೆ. ಪರದೆಯ ಮೇಲೆ ‘ಬದಲಾಗಿದೆ’ ಎಂದು ಬಂತು. ಹೊಸದು ತಲೆಯಿಂದ ಜಾರಿತು. ಆ ಜಾಗಕ್ಕೆ ಹಳೆಯದು ಬಂದು ನಿಂತಿತು.

ನಾನು ಮಸಾಲೆವಡೆಯಂಥದ್ದೇ ಏನೋ ಇರುತ್ತದೆ ಎಂದುಕೊಂಡಿದ್ದೆ. ಅದಾಗಿರಲಿಲ್ಲ. ಕಂಪ್ಯೂಟರ್ ಬಂದ ಆ ದಿನ, ಕುಂಕುಮ ಒರೆಸಿದ ಕೀಲಿಗಳ ಮೇಲೆ ನಾನು ಒತ್ತಿದ್ದು ‘ಅರ್ಧದಾಕ್ಷಿಯದು’ ಎಂದು. ಅದನ್ನೇ ಅವಳ ಕಿವಿಯಲ್ಲಿ ಹೇಳಿದ್ದೆ. ಪ್ರತಿ ಸಂಜೆಯೂ ನನ್ನ ಕಂಪ್ಯೂಟರ್ ಉಗ್ರಾಣದ ಬಾಗಿಲಲ್ಲಿ ಅದನ್ನೇ ಹೇಳಿ ಒಳಗೆ ಹೋಗುತ್ತಿತ್ತು, ನಾನು ಅವಳನ್ನು ಕಳ್ಳಿ ಎಂದ ದಿನ ಸಂಜೆಯೂ.

ನಾನು ಅವಳ ಮುಖ ನೋಡಿದೆ. ನನಗೆ ನೆನಪಾಗಿದೆ ಎಂದು ಅವಳಿಗೆ ಗೊತ್ತಾಯಿತು.

"ದಾಕ್ಷಿ," ಎಂದೆ. "ಅವತ್ತು ಅಷ್ಟು ಜನರ ಎದುರಿಗೆ ನಾನು ಬೈದಾಗ ಇದನ್ನ ಯಾಕೆ ಹೇಳ್ಲಿಲ್ಲ ನೀನು? ನೀನೇ ಅರ್ಧ ನನ್ನದು ಅಂದಿದ್ಯಲ್ಲ, ನನ್ನದನ್ನ ನಾನ್ಯಾಕೆ ಕದೀಲಿ ಅಂತ ಒಂದ್ ಮಾತು ಅಂದಿದ್ರೆ ನನ್ನ ಬಾಯಿ ಮುಚ್ತಿತ್ತಲ್ಲೇ. ಯಾಕೆ ಸುಮ್ನೆ ಎದ್ದು ಹೋದೆ?"

ಅವಳು ಉಗುರಿನ ಸಂದಿಯಲ್ಲಿ ಅಂಟಿದ್ದ ಹಸಿರು ಬಣ್ಣವನ್ನು ಕೆರೆಯುತ್ತಾ ಕೂತಿದ್ದಳು. ಆಮೇಲೆ ಹೇಳಿದಳು.

"ನೀನು ಕಳ್ಳಿ ಅಂದೆ ಕಣೇ ಬನು. ಕೊಟ್ಯಾ ಅಂತ ಕೇಳ್ಲೇ ಇಲ್ಲ. ಕೇಳಿದ್ದಿದ್ರೆ ಹೇಳ್ತಿದ್ದೆ."

ಜಗಲಿಯಲ್ಲಿ ಅಂಬುಜ ಜಿನದತ್ತನಿಗೆ ಏನೋ ಹೇಳಿ ನಗುತ್ತಿದ್ದಳು. ಹನ್ನೊಂದು ವರ್ಷದ ಮೇಲೆ ಈಗ ಕೇಳಿ ಏನು ಉಪಯೋಗ, ಉತ್ತರ ನನಗೆ ಗೊತ್ತೇ ಇದೆಯಲ್ಲ ಎಂದೂ ಅನ್ನಿಸಿತು. ಆದರೂ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿ, ಅವಳ ಎರಡೂ ಕೈ ಹಿಡಿದುಕೊಂಡು ಕೇಳಿದೆ.

"ದಾಕ್ಷಿ, ಆ ಹಂಸದ ಅಂಚನ್ನ ನೀನು ಯಾರಿಗಾದ್ರೂ ಕೊಟ್ಯೇನೇ?"

"ಇಲ್ಲ ಕಣೇ," ಎಂದಳು ದಾಕ್ಷಿ. ಹಾಗೆಂದವಳೇ ಗಟ್ಟಿಯಾಗಿ ಅತ್ತುಬಿಟ್ಟಳು.